ಶಿವಮಲ್ಲು ಮೇಷ್ಟ್ರು ರೌಂಡು ಬಿಟ್ಟದ್ದು

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ, ಕಾಡಂಚಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಶಿವಮಲ್ಲು ಹನ್ನೊಂದು ವರ್ಷದಿಂದ ಡ್ರಿಲ್ ಮೇಷ್ಟ್ರು. ದಂಡಂ ದಶಗುಣಂ ಎಂಬ ಮಾತಿನ ಮೇಲೆ ಅವರಿಗಿದ್ದ ನಂಬಿಕೆ ಮನೆದೇವರ ಮೇಲೂ ಇತ್ತೋ ಇಲ್ಲವೋ. ತಡವಾಗಿ ಬಂದರೆ ಮೈದಾನಕ್ಕೆ ಎರಡು ರೌಂಡು. ಉಗುರು ಬೆಳೆದಿದ್ದರೆ ಒಂದು. ಆಟದ ನಡುವೆ ಕಿಸಕ್ಕೆಂದರೆ ಐದು. ಇಷ್ಟು ಓಡಿಸಿಯೂ ಅವರ ಹೆಣ್ಣುಮಕ್ಕಳ ಖೋ ಖೋ ತಂಡ ವರ್ಷವರ್ಷವೂ ಗುಂಡ್ಲುಪೇಟೆಗೆ ಹೋಗಿ, ತಾಲ್ಲೂಕು ಪಂದ್ಯದಲ್ಲಿ ಸೋತು, ಬೋಂಡ ತಿಂದು, ಸಂಜೆ ಬಸ್ಸಿಗೆ ವಾಪಸಾಗುತ್ತಿತ್ತು.

ಚಾಮರಾಜನಗರ ಹೊಸ ಜಿಲ್ಲೆಯಾದ ಮರುವರ್ಷ, ಸ್ಕೂಲು ಶುರುವಾದ ವಾರವೇ ಹೆಡ್‌ಮಾಸ್ಟರ್ ಬಸವಯ್ಯ ಶಿವಮಲ್ಲುವನ್ನು ಕರೆದು ಕೂರಿಸಿದರು.

"ನೋಡಿ ಶಿವಮಲ್ಲು, ಈ ಸಲನೂ ತಾಲ್ಲೂಕು ದಾಟ್ನಿಲ್ಲ ಅಂದ್ರೆ ಆಟದ ಪಿರಿಯಡ್ಡೆಲ್ಲ ಗಣಿತದ ಮೇಷ್ಟ್ರಿಗೆ ಕೊಟ್ಬುಡ್ತೀನಿ. ಎಸ್ಸೆಸ್ಸೆಲ್ಸಿ ರಿಸಲ್ಟಾದ್ರೂ ಮೇಲಕ್ ಬರ್ಲಿ. ನೀವು ಆಫೀಸಲ್ಲಿ ಹಾಜ್ರಿ ಬರ್ಕಂಡಿರಿ."

ಮೈದಾನ ಬಿಟ್ಟು ಬೇರೆ ಬದುಕು ಗೊತ್ತಿಲ್ಲದ ಮನುಷ್ಯ ಹಾಜರಿ ಬರೆಯುವುದೇ! ಹೆದರಿದವರು ಮಾಡುವುದನ್ನೇ ಶಿವಮಲ್ಲುವೂ ಮಾಡಿದರು, ರೌಂಡುಗಳನ್ನು ದುಪ್ಪಟ್ಟು ಮಾಡಿದರು. ಹುಡುಗಿಯರು ಒಬ್ಬೊಬ್ಬರಾಗಿ ಹೊಟ್ಟೆನೋವು, ತಲೆನೋವು ಎಂದು ಜಾರಿಕೊಳ್ಳತೊಡಗಿದರು.

ತಂಡದಲ್ಲಿ ಒಂಬತ್ತನೇ ಕ್ಲಾಸಿನ ಮೂಗಮ್ಮ ಎಂಬ ಕಡ್ಡಿಯಂಥ ಹುಡುಗಿಯಿದ್ದಳು. ಮೇಕೆಗಳಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ದಿನಾ ತಡ, ದಿನಾ ರೌಂಡು. ಒಂದು ಭಾನುವಾರ ಸೈಕಲ್ಲಿನಲ್ಲಿ ಹೋಗುತ್ತಿದ್ದ ಶಿವಮಲ್ಲು ಹೊಲದ ಬದಿ ಇಳಿದು ನಿಂತುಬಿಟ್ಟರು. ಐದಾರು ಮಕ್ಕಳು ಅವಳನ್ನು ಮುಟ್ಟಲು ಬೆನ್ನು ಬಿದ್ದಿದ್ದಾರೆ, ಅವಳು ಕೇಕೆ ಹಾಕಿ ನಗುತ್ತ ಮೀನಿನಂತೆ ನುಣುಚಿಕೊಳ್ಳುತ್ತಿದ್ದಾಳೆ. ಇಂಥ ಕಾಲು ತಮ್ಮ ತಂಡದಲ್ಲೇ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಸೋಮವಾರ ಮೈದಾನದಲ್ಲಿ ನೋಡಿದರೆ ಅದೇ ಕಾಲೆಳೆದುಕೊಂಡು ಓಡುವ ಓಟ.

"ಯಾಕಮ್ಮಿ, ನೆನ್ನೆ ಇದ್ದ ಕಾಲ ಇವತ್ ಮನೇಲೇ ಬುಟ್ಬಂದ್ಯಾ?"

ಮೂಗಮ್ಮ ನೆಲ ನೋಡುತ್ತ ಹೇಳಿದಳು, "ನೆನ್ನೆ ಆಡ್ತಿದ್ದೆ ಸಾ. ಇಲ್ಲಿ ಓಡ್ತಿದ್ರೆ ಏನೋ ತಪ್ ಮಾಡಿ ಸಿಕ್ಕಾಕಂಡಂಗಾಯ್ತದೆ."

ಅಂದು ಮಧ್ಯಾಹ್ನ ಮುದ್ದೆ ಮುರಿಯುತ್ತ ಶಿವಮಲ್ಲು ಯೋಚನೆಗೆ ಬಿದ್ದರು. ವರ್ಷವಿಡೀ ಓಟವೆಂದರೆ ಶಿಕ್ಷೆ ಎಂದು ಕಲಿಸಿ, ಒಂದು ದಿನ ಅದೇ ಓಟದಲ್ಲಿ ಗೆದ್ದು ಬನ್ನಿ ಎಂದು ಕಳಿಸುತ್ತಿದ್ದೆನಲ್ಲ, ನನ್ನಂಥ ಪೆದ್ದ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ನಾಚಿಕೆಯಾಯಿತು.

ಮರುದಿನದಿಂದ ಕಾನೂನು ತಲೆಕೆಳಗಾಯಿತು. ತಡವಾಗಿ ಬಂದವರಿಗೆ ರೌಂಡಿಲ್ಲ, ಆಟವೂ ಇಲ್ಲ. ಬೇವಿನ ಮರದ ಕೆಳಗೆ ಕೂತು ನೋಡಬೇಕು. ಮೊದಲ ದಿನ ಕೂತ ಮೂಗಮ್ಮ ಕಾಲು ಗಂಟೆಯಲ್ಲೇ ಎದ್ದು ಬಂದಳು.

"ನಾಕ್ ರೌಂಡ್ ಓಡ್ಬುಡ್ತೀನಿ ಸಾ, ಆಟುಕ್ ಸೇರುಸ್ಕಳಿ!"

"ರೌಂಡ್ ಗಿಂಡ್ ಏನೂ ಇಲ್ಲ, ಕೂತ್ಕೊ ಓಗು," ಎಂದು ಗದರಿ ಮೇಷ್ಟ್ರು ಮುಖ ತಿರುಗಿಸಿಕೊಂಡರು. ಇಲ್ಲದಿದ್ದರೆ ಅವರೇ ನಕ್ಕುಬಿಡುತ್ತಿದ್ದರು. ಮೂರನೆಯ ದಿನ ನಸುಕಿನಲ್ಲೇ ಮೇಕೆಗಳಿಗೆ ಸೊಪ್ಪು ಹಾಕಿ, ಅವರು ಬರುವ ಮೊದಲೇ ಅವಳು ಮೈದಾನದಲ್ಲಿದ್ದಳು. ಅರ್ಧ ಹೊತ್ತು ಮರಕೋತಿ, ಇನ್ನರ್ಧ ಖೋ ಖೋ. ನಗುವವರು ನಕ್ಕರು, ಅಣಕಿಸುವವರು ಅಣಕಿಸಿದರು. ಮರಕೋತಿಯಲ್ಲಿ ಮೇಷ್ಟ್ರೇ ಒಮ್ಮೆ ಕಳ್ಳನಾಗಿ ಅಂಗಾತ ಬಿದ್ದರು. ಹೊಟ್ಟೆನೋವುಗಳೆಲ್ಲ ಹೇಳದೆ ಕೇಳದೆ ವಾಸಿಯಾದವು. ಬಸವಯ್ಯ ಮಾತ್ರ ಕಿಟಕಿಯಲ್ಲಿ ನಿಂತು, "ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡುಸ್ತು," ಎಂದು ಹಣೆ ಚಚ್ಚಿಕೊಂಡರು.

ಗುಂಡ್ಲುಪೇಟೆಯ ಫೈನಲ್‌ಗೆ ಬಸವಯ್ಯ ಖುದ್ದಾಗಿ ಬಂದರು. ಸೋಲನ್ನು ಕಣ್ಣಾರೆ ನೋಡಿದರೆ ಪಿರಿಯಡ್ ಕಿತ್ತುಕೊಳ್ಳುವುದು ಸಲೀಸು. ಎದುರಿಗೆ ಪೇಟೆಯ ಹುಡುಗಿಯರು, ಕಾಲಿಗೆ ಬಿಳಿ ಶೂ. ಕೊನೆಯ ಎರಡು ನಿಮಿಷಕ್ಕೆ ನಮ್ಮವರು ಒಂದೇ ಒಂದು ಅಂಕ ಮುಂದಿದ್ದರು. ಅಂಕಣದೊಳಗೆ ಉಳಿದದ್ದು ಮೂಗಮ್ಮ ಒಬ್ಬಳೇ. ಅವಳು ಔಟಾದರೆ ಅಂಕ ಸಮ, ಆಮೇಲೆ ಒಳಗೆ ಬರಬೇಕಾದವರು ಆಗಲೇ ಸೋತು ಸುಣ್ಣವಾಗಿದ್ದರು.

ಖೋ! ಖೋ! ಬೆನ್ನಿಗೆ ಬಿದ್ದ ಕೈ ಗೇಣು ದೂರದಲ್ಲಿತ್ತು. ಮೂಗಮ್ಮ ಕಂಬದ ಬಳಿ ಬಗ್ಗಿ, ಎಡಕ್ಕೆಂದು ತೋರಿಸಿ ಬಲಕ್ಕೆ ಜಿಗಿದು, ಅಟ್ಟಿಬಂದವಳು ಮುಗ್ಗರಿಸಿದ್ದನ್ನು ಕಂಡು ಪಕಪಕನೆ ನಕ್ಕಳು. ಆ ನಗುವಿಗೆ ಪೇಟೆಯವರ ಲೆಕ್ಕಾಚಾರವೇ ತಪ್ಪಿತು. ರಸ್ತೆಯಲ್ಲಿ ಈರುಳ್ಳಿ ಲಾರಿ ನಿಲ್ಲಿಸಿಕೊಂಡು ನೋಡುತ್ತಿದ್ದ ಡ್ರೈವರುಗಳು ಶಿಳ್ಳೆ ಹೊಡೆದರು. ಶಿವಮಲ್ಲುವಿನ ಪಕ್ಕದಲ್ಲಿ ಯಾರೋ ಕುರ್ಚಿ ಹತ್ತಿ "ನುಗ್ಗು ಕೂಸೇ, ನುಗ್ಗು!" ಎಂದು ಅರಚುತ್ತಿದ್ದರು. ತಿರುಗಿ ನೋಡಿದರೆ ಹೆಡ್‌ಮಾಸ್ಟರು.

ಉದ್ದನೆಯ ಸೀಟಿ ಕೇಳಿತು. ಮೂಗಮ್ಮನನ್ನು ಯಾರೂ ಮುಟ್ಟಿರಲಿಲ್ಲ. ಶಿವಮಲ್ಲು ನಿಂತಲ್ಲೇ ಕೂತು, ಮಕ್ಕಳೆದುರಿಗೇ ಗಳಗಳನೆ ಅತ್ತರು.

ಬಸವಯ್ಯ ಕುರ್ಚಿಯಿಂದ ಇಳಿದು ಪಂಚೆ ಸರಿಮಾಡಿಕೊಂಡು ಹತ್ತಿರ ಬಂದರು. "ಶಿವಮಲ್ಲು, ಗಣಿತದಿಂದ ಒಂದ್ ಪಿರಿಯಡ್ ಕಿತ್ಕೊಟ್ರೆ ಚಾಮ್ರಾಜ್‌ನಗರದಲ್ಲೂ ಗೆಲ್ತೀರಾ?"

"ಗೆಲ್ಲದು ಗೊತ್ತಿಲ್ಲ ಸಾ. ಕುಸಿಯಾಗಿ ಆಡ್ತೀವಿ."

ಬಸವಯ್ಯ ಎರಡು ಪಿರಿಯಡ್ ಕೊಟ್ಟರು.