ಮುಖವಿಲ್ಲದವಳ ಸೂಜಿ

ಮಕ್ಕಳ ಅಂಗಿ, ಹೆಂಗಸರ ಉಡುಪು ಹೊಲಿಯುತ್ತ ಮನೆಯ ಮುಂದಿನ ಕೋಣೆಯಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದ ಆ ಹೆಂಗಸನ್ನು ಬೀದಿಯವರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಎದೆಯ ಬಳಿ ಬಟ್ಟೆಗೆ ಚುಚ್ಚಿಕೊಂಡ ಸೂಜಿಯೊಂದು ಅವಳ ಜೊತೆಯಲ್ಲೇ ಇರುತ್ತಿತ್ತು. ಹೊಲಿಗೆ ಕಲಿಸಿದವಳು ತಾಯಿ. ತೊಡುವವರು ಬಂದು ತೊಟ್ಟು, ಸರಿಯಾಗಿದೆ ಎನ್ನುವ ತನಕ ಕೊನೆಯ ಗಂಟು ಹಾಕಕೂಡದು. ನೂಲನ್ನು ಉದ್ದಕ್ಕೆ ಬಿಟ್ಟು ಕಾಯಬೇಕು. ಆ ಹೊತ್ತಿನಲ್ಲಿ ತೊಟ್ಟವಳ ಮುಖವನ್ನೂ ನೋಡಕೂಡದು; ನೋಡಿದರೆ ಪಾಪ, ದಾಕ್ಷಿಣ್ಯಕ್ಕೆ ಸುಳ್ಳು ಹೇಳಿಬಿಡುತ್ತಾಳೆ. ಇದು ತಾಯಿಯ ಕಟ್ಟಳೆ. ಮಗಳು ಅದನ್ನು ಒಮ್ಮೆಯೂ ಮೀರಿದವಳಲ್ಲ.

ಅಂಥ ತಾಯಿಯ ಮುಖವೇ ಈಗ ಅವಳಿಗೆ ನೆನಪಿರಲಿಲ್ಲ.

ಗದ್ದದ ಮೇಲಿನ ಮಚ್ಚೆ ನೆನಪಿತ್ತು, ಬಿಸಿ ಇಸ್ತ್ರಿಯ ಗಂಧದ ಕೈ ನೆನಪಿತ್ತು. ಮುಖ ಮಾತ್ರ ವರ್ಷವರ್ಷಕ್ಕೂ ಸವೆದು, ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತಾಗಿತ್ತು. ಇದ್ದದ್ದು ಒಂದೇ ಫೋಟೊ. ಅದನ್ನು ತೆಗೆಯುವ ಗಳಿಗೆಯಲ್ಲಿ ಮಡಿಲ ಮಗು ಅತ್ತಿತ್ತು. ಸಮಾಧಾನ ಮಾಡಲು ತಾಯಿ ಅಲುಗಾಡಿದ್ದಳು. ಹೀಗಾಗಿ ಆಕೆಯ ತಲೆಯಿದ್ದಲ್ಲಿ ಬಿಳಿಯ ಮಸುಕು ಮಾತ್ರ ಉಳಿದಿತ್ತು. ಅತ್ತ ಮಗು ತಾನೇ. ಬೆಳಗಾದರೆ ದೇವರೆದುರು ಕಣ್ಮುಚ್ಚಿ, “ತಂದೆಯೇ, ಬೇರೇನೂ ಬೇಡ, ಒಂದು ಸಲ ಅಮ್ಮನ ಮುಖ ತೋರಿಸು” ಎಂದು ಬೇಡುವಳು. ಅಳಿಸಿಹೋದದ್ದನ್ನೆಲ್ಲ ಆ ಕರುಣಾಳು ಎಲ್ಲಿ ಜೋಪಾನವಾಗಿಟ್ಟಿರುತ್ತಾನೆ, ಯಾರ ಕೈಯಲ್ಲಿ ಮರಳಿ ಕೊಡಿಸುತ್ತಾನೆ, ಬಲ್ಲವರಾರು?

ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾಗಿದ್ದ ನಾದಿನಿ ಒಂದು ದಿನ ಬಂದು, ಹೆಂಗಸರದೇ ಒಂದು ತಂಡ ಪರದೇಶದ ಕಲೆ ನೋಡಲು ಹೊರಟಿದೆ, ಅತ್ತಿಗೆಯೂ ಬರಬೇಕೆಂದು ಹಟ ಹಿಡಿದಳು. ಸೂಜಿಯಕ್ಕ ಮೊದಲು ನಕ್ಕಳು, ಆಮೇಲೆ ಹೊರಟಳು.

ಅಲ್ಲಿನ ದೊಡ್ಡ ಚಿತ್ರಶಾಲೆಗಳಲ್ಲಿ ಗೋಡೆ ಗೋಡೆಗೂ ಹೆಂಗಸರು. ಒರಗಿದವರು, ಕನ್ನಡಿ ಹಿಡಿದವರು, ಹೂಜಿ ಹೊತ್ತವರು.

“ಹೇಗಿದೆ ಅತ್ತಿಗೆ?”

“ಚೆನ್ನಾಗಿದೆಯಮ್ಮ. ಆದ್ರೆ ಇವರೆಲ್ಲ ಯಾರೋ ನೋಡ್ಲಿ ಅಂತ ಕೂತವರು. ಇವಳು ಇಷ್ಟು ಹೊತ್ತು ಹೀಗೆ ಕತ್ತು ತಿರುಗಿಸ್ಕೊಂಡು ಕೂತಿದ್ರೆ, ಒಲೆ ಮೇಲಿನದ್ದು ಸೀದು ಹೋಗ್ಲಿಲ್ವೇ?”

“ನಿಮ್ಮನ್ನ ಕರ್ಕೊಂಡು ಬಂದದ್ದೂ ಸಾರ್ಥಕವಾಯ್ತು,” ಎಂದು ನಾದಿನಿ ನಕ್ಕಳು.

ಪ್ರವಾಸದ ಕೊನೆಯಲ್ಲಿ ಅವರು ಕಂಡದ್ದು ಇಕ್ಕಟ್ಟಾದ ಬೀದಿಯೊಂದರ ಹಳೆಯ ಮನೆ. ಮರದ ಮೆಟ್ಟಿಲು, ಮೇಲೆ ಒಂದೇ ಕೋಣೆ; ಅದರಲ್ಲಿ ಗೋಡೆಯಗಲದ ಕಸೂತಿ ಪರದೆ. ಮನೆಯನ್ನು ನೋಡಿಕೊಳ್ಳುತ್ತಿದ್ದ ಮಧ್ಯವಯಸ್ಸಿನ ಹೆಂಗಸು ತನ್ನ ನುಡಿಯಲ್ಲಿ ವಿವರಿಸಿದಳು. ನಾದಿನಿ ಅದನ್ನು ಬಿಡಿಸಿ ಹೇಳಿದಳು. ಪರದೆಯಲ್ಲಿದ್ದವರು ತಲೆತಲಾಂತರದಿಂದ ಆ ಮನೆಯಲ್ಲಿ ಬಾಳಿದ ಹೆಂಗಸರು. ಯಾವಳೂ ತನ್ನ ಮುಖವನ್ನು ತಾನೇ ಹೊಲಿದುಕೊಳ್ಳುವಂತಿರಲಿಲ್ಲ. ಮೈಯನ್ನು ತಾನು ಹೊಲಿಯಬಹುದು, ಮುಖವನ್ನು ಮಾತ್ರ ಅವಳು ಕಣ್ಮುಚ್ಚಿದ ಮೇಲೆ ಉಳಿದವಳು ಹೊಲಿಯಬೇಕು.

ಸೂಜಿಯಕ್ಕ ಹತ್ತಿರ ಹೋದಳು. ಆ ಹೆಂಗಸರಲ್ಲಿ ಒಬ್ಬಳೂ ಹೊರಗೆ ನೋಡುತ್ತಿರಲಿಲ್ಲ. ಒಬ್ಬಳು ಇನ್ನೊಬ್ಬಳನ್ನು, ಅವಳು ಮತ್ತೊಬ್ಬಳನ್ನು ನೋಡುತ್ತಿದ್ದಳು. ಹೊಸಬರು ಬಂದಾಗ ತಟ್ಟನೆ ಮಾತು ನಿಲ್ಲಿಸಿದವರಂತಿದ್ದರು. ಅಂಚಿನಲ್ಲಿ ಕುಳಿತವಳಿಗೆ ಮಾತ್ರ ಮುಖವಿರಲಿಲ್ಲ. ಕೂದಲಿತ್ತು, ಕತ್ತಿತ್ತು, ನಡುವೆ ಬರಿಯ ಬಟ್ಟೆ. ಉಳಿದವರೆಲ್ಲರ ನೋಟ ಸುತ್ತಿ ಬಳಸಿ ಆ ಬರಿದಿಗೇ ಬಂದು ನಿಲ್ಲುತ್ತಿತ್ತು.

“ಅದು ನಮ್ಮ ಚಿಕ್ಕಮ್ಮ. ತನ್ನ ಕಾಲದವರೆಲ್ಲರ ಮುಖವನ್ನೂ ಮುಗಿಸಿದವಳು ಅವಳೇ. ಅವಳ ಮುಖಕ್ಕೆ ಯಾರೂ ಉಳಿಯಲಿಲ್ಲ. ನನಗೆ ಗುಂಡಿ ಹೊಲಿಯೋಕೂ ಬರೋದಿಲ್ಲ,” ಎಂದಳು ಆ ಹೆಂಗಸು.

ಬರಿದಾದ ಜಾಗದ ಪಕ್ಕದಲ್ಲಿ ನೂಲಿನ ತುದಿಯಲ್ಲಿ ಸೂಜಿಯೊಂದು ನೇತಾಡುತ್ತಿತ್ತು. ಕಿಟಕಿ ಮುಚ್ಚಿತ್ತು, ಗಾಳಿಯಿರಲಿಲ್ಲ. ಆದರೂ ಅದು ಮೆಲ್ಲಗೆ ತೂಗುತ್ತಿತ್ತು.

ಸಂಜೆ ವಸತಿಗೃಹದಲ್ಲಿ ಸ್ವೆಟರು ಬಿಚ್ಚುವಾಗ ಸೂಜಿಯಕ್ಕನ ಬೆರಳಿಗೆ ಏನೋ ತಾಗಿತು. ಎದೆಯ ಬಳಿ, ತನ್ನ ಸೂಜಿಯ ಪಕ್ಕದಲ್ಲಿ, ಇನ್ನೊಂದು ಸೂಜಿ. ಅದರ ಕಣ್ಣಿನಲ್ಲಿ ಗೇಣುದ್ದದ ಕಂದು ನೂಲು. ನೇತಾಡುವ ಸೂಜಿಯನ್ನು ಕಂಡರೆ ತೆಗೆದು ಚುಚ್ಚಿಕೊಳ್ಳುವುದು ಆ ಕೈಗೆ ಬಾಳೆಲ್ಲ ಅಭ್ಯಾಸ. ಇಂದೂ ಅದನ್ನೇ ಮಾಡಿತ್ತು. ಹಳೆಯ ನೂಲು ಸದ್ದಿಲ್ಲದೆ ಕಡಿದು ಬಂದಿತ್ತು.

ನಾದಿನಿ ಕಣ್ಣರಳಿಸಿದಳು. “ಅಯ್ಯೋ ಅತ್ತಿಗೆ, ಕದ್ಕೊಂಡು ಬಂದ್ರಾ? ಪೊಲೀಸರು ಬಂದ್ರೆ ನಾನು ನಿಮ್ಮ ಪೈಕಿ ಅಲ್ಲ ಅಂದ್ಬಿಡ್ತೀನಿ.”

“ತಮಾಷೆ ಸಾಕಮ್ಮ. ನಾಳೆ ಬಸ್ಸು ಹೊರಡೋ ಮುಂಚೆ ಕೊಟ್ಟು ಬರೋಣ.”

ನಾದಿನಿ ಸ್ನಾನಕ್ಕೆ ಹೋದಳು. ಸೂಜಿ ಕಳೆಯಬಾರದೆಂದು ಸೂಜಿಯಕ್ಕ ಅದನ್ನು ತನ್ನ ಕರವಸ್ತ್ರಕ್ಕೆ ಚುಚ್ಚಿದಳು. ಚುಚ್ಚಿದ ಸೂಜಿ ಇನ್ನೊಂದು ಕಡೆ ಹೊರಬಂತು. ಹೊರಬಂದದ್ದು ಮತ್ತೆ ಒಳಹೋಯಿತು. ಬೆರಳುಗಳು ತನ್ನವೇ, ಆದರೆ ಅವಸರ ತನ್ನದಲ್ಲ. ಅಮ್ಮ, ಅಮ್ಮನೇ ಬರುತ್ತಿದ್ದಾಳೆ ಎಂದು ಅವಳ ಎದೆ ಹೊಡೆದುಕೊಂಡಿತು. ನಾದಿನಿ ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಕರವಸ್ತ್ರದಲ್ಲಿ ಹೆಂಗಸಿನ ಮುಖವೊಂದು ಮೂಡಿತ್ತು. ಗದ್ದದಲ್ಲಿ ಮಚ್ಚೆಯಿರಲಿಲ್ಲ. ಎಡ ಹುಬ್ಬನ್ನು ಸೀಳಿದ ಗಾಯದ ಗುರುತಿತ್ತು.

“ಯಾರಿದು?” ಎಂದಳು ನಾದಿನಿ. ದನಿಯಲ್ಲಿ ನಗೆ ಉಳಿದಿರಲಿಲ್ಲ.

“ಗೊತ್ತಿಲ್ಲ. ನಮ್ಮಮ್ಮ ಅಲ್ಲ, ಅಷ್ಟು ಗೊತ್ತು.” ಹಾಗೆನ್ನುವಾಗ ಅವಳ ಕಣ್ಣು ತುಂಬಿತು. ಬೇಡಿದ್ದು ಒಂದು, ಬಂದದ್ದು ಇನ್ನೊಂದು. ಸೂಜಿಯಲ್ಲಿ ಇನ್ನೂ ಗೇಣುದ್ದ ನೂಲು ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಆ ಹಳೆಯ ಮನೆಯಲ್ಲಿ, ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕರವಸ್ತ್ರವನ್ನು ಬಿಡಿಸಿ ನೋಡಿದಳು. ಅವಳ ಬೆರಳು ತಾನಾಗಿ ತನ್ನ ಎಡ ಹುಬ್ಬಿನ ಮೇಲೆ ಹೋಯಿತು. ಚಿಕ್ಕಮ್ಮ ಬಾಲ್ಯದಲ್ಲಿ ಇದೇ ಮೆಟ್ಟಿಲಿನಿಂದ ಬಿದ್ದು ಹುಬ್ಬು ಸೀಳಿಕೊಂಡದ್ದು ಮನೆಯವರ ಹೊರತು ಯಾರಿಗೂ ತಿಳಿದಿರಲಿಲ್ಲ. ಆಮೇಲೆ ಆ ಹೆಂಗಸು ಮೂಲೆಯ ಮೋಟು ಪೀಠವನ್ನು ಎಳೆದು ಪರದೆಯೆದುರು ಇಟ್ಟು, ಕೈ ಮಾಡಿ ತೋರಿಸಿದಳು.

“ಕೂತ್ಕೋಬೇಕಂತೆ,” ಎಂದಳು ನಾದಿನಿ. “ಬೇಡ ಅತ್ತಿಗೆ, ಹೋಗೋಣ. ನಂಗ್ಯಾಕೋ ಸರಿ ಕಾಣ್ತಿಲ್ಲ.”

ಸೂಜಿಯಕ್ಕನಿಗೂ ಹೆದರಿಕೆಯಿತ್ತು. ಆದರೆ ಒಬ್ಬ ಹೆಂಗಸು ಮುಖವಿಲ್ಲದೆ ಕಾಯುವುದೆಂದರೇನೆಂದು ಅವಳಿಗಿಂತ ಬಲ್ಲವರು ಯಾರು? ತನಗೆ ಸಿಗದ ವರವನ್ನು ಇನ್ನೊಬ್ಬಳಿಗೆ ತನ್ನ ಕೈಯಾರೆ ಕೊಡುವುದೇ ಭಕ್ತಿಯ ಕಷ್ಟದ ಪಾಠ. “ದೇವರೇ, ಜೊತೆಗಿರು” ಎಂದುಕೊಂಡು ಕುಳಿತಳು.

ಹುಬ್ಬು, ಮೂಗು, ತುಟಿ ಒಂದೊಂದಾಗಿ ಬಂದವು. ಒಮ್ಮೆ ನೂಲು ತಿರುಚಿಕೊಂಡಾಗ ತಲೆಯೆತ್ತಿದಳು. ಪರದೆಯ ಹೆಂಗಸರೆಲ್ಲ ತನ್ನ ಕೈಯನ್ನೇ ನೋಡುತ್ತಿದ್ದಾರೆನಿಸಿತು. ಮತ್ತೆ ತಲೆ ಎತ್ತಲಿಲ್ಲ. ಕೊನೆಯ ಕಣ್ಣು ಮುಗಿಯಿತು. ನೂಲನ್ನು ಉದ್ದಕ್ಕೆ ಬಿಟ್ಟು, ಕೈಕಟ್ಟಿ ಕುಳಿತಳು.

“ಮುಗೀತಲ್ಲ, ಗಂಟು ಹಾಕಿ. ಬಸ್ಸು ಹೊರಟ್ಹೋಗತ್ತೆ,” ಎಂದಳು ನಾದಿನಿ.

“ತೊಡೋಳು ಬಂದು ನೋಡ್ಬೇಕಲ್ಲಮ್ಮ.”

ಮನೆಯ ಹೆಂಗಸಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಆದರೂ ಅವಳು ಹೋಗಿ ಮೆಟ್ಟಿಲ ಬಾಗಿಲನ್ನು ತೆರೆದಿಟ್ಟು, ಮರಳಿ ಬಂದು ನಾದಿನಿಯ ಕೈ ಹಿಡಿದು ಪರದೆಯ ಪಕ್ಕದಲ್ಲಿ ನಿಂತಳು. ಇಬ್ಬರೂ ಸೂಜಿಯಕ್ಕನ ಕಣ್ಣೆದುರೇ ಇದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೆಳಗಿನ ಮೆಟ್ಟಿಲು ಕಿರುಗುಟ್ಟಿತು. ತುಸು ಬಿಟ್ಟು ಅದರ ಮೇಲಿನದು. ಮಂಡಿ ನೋವಿನವರು ಹತ್ತುವ ಹಾಗೆ, ನಿಂತು ನಿಂತು, ಸಪ್ಪಳ ಮೇಲೆ ಬಂತು. ನಾದಿನಿಯ ಮುಖ ಸುಣ್ಣದಂತೆ ಬೆಳ್ಳಗಾಯಿತು. ಅವಳ ಕಣ್ಣು ಸೂಜಿಯಕ್ಕನ ಬೆನ್ನ ಹಿಂದೆ ನೆಟ್ಟಿತು. ಕುತ್ತಿಗೆಯ ಮೇಲೆ ತಣ್ಣನೆಯ ಉಸಿರು ಆಡಿತು. ತೊಡುವವಳ ಮುಖ ನೋಡಕೂಡದು, ಸೂಜಿಯಕ್ಕ ತಿರುಗಲಿಲ್ಲ. ಕಾದಳು. ಭುಜದ ಮೇಲೆ ಬೆರಳೊಂದು ಮೆಲ್ಲಗೆ ಎರಡು ಸಲ ತಟ್ಟಿತು, ಸರಿಯಾಗಿದೆ ಎನ್ನುವಂತೆ.

ಅವಳು ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಡಿದಳು.

ಕಟ್ಟಳೆ ಅಲ್ಲಿಗೆ ಮುಗಿಯಿತು. ತಲೆಯೆತ್ತಿದಾಗ ಪಕ್ಕದ ಕಿಟಕಿಯ ಗಾಜಿನಲ್ಲಿ ಅವಳ ಹಿಂದಿನದೆಲ್ಲ ಕಂಡಿತು. ಹುಬ್ಬು ಸೀಳಿದ ಮುದುಕಿಯೊಬ್ಬಳು ಆಗಲೇ ಬಾಗಿಲ ಕಡೆ ತಿರುಗುತ್ತಿದ್ದಳು. ಅವಳ ಹಿಂದೆ, ಜೊತೆಗೆಂದು ಬಂದವಳಂತೆ, ಇನ್ನೊಬ್ಬಳು ನಿಂತಿದ್ದಳು. ಗದ್ದದ ಮೇಲೆ ಮಚ್ಚೆ. ಸೂಜಿಯಕ್ಕ ಮಗುವಿನಂತೆ ಬಿಕ್ಕಿ ಅತ್ತಳು. ಆದರೆ ಈ ಸಲ ಅಮ್ಮನ ಮುಖ ಅಲುಗಾಡಲಿಲ್ಲ.