ತೊಟ್ಟು ಬಿಡಿಸುವ ಖಾಲಾ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಅವರು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಚೀಲಗಳ ಮೇಲೆ ನಂಬರು ಬರೆಯಲು ನಾನು ಹೊಸದಾಗಿ ಸೇರಿದ್ದೆ. ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ. ಕತೆ ಹೇಳುವಾಗ ಕೆಮ್ಮು ಬಂದರೆ ಅಂಗೈ ಎತ್ತಿ ನಮ್ಮನ್ನು ತಡೆದು, ಕೆಮ್ಮಿ, ನಿಂತ ಮಾತಿನಿಂದಲೇ ಮುಂದುವರಿಸುತ್ತಿದ್ದರು. ಯಾರಾದರೂ ನೀರು ಕೊಡಲು ಹೋದರೆ, "ಬಂದದ್ದು ಹೋಗತೈತಿ ಬಿಡಪಾ" ಎನ್ನುತ್ತಿದ್ದರು.

ಮಾಲೀಕರ ಗಂಟಲು, ಬಸ್ ಕಂಡಕ್ಟರನ ಸೀಟಿ ಎಲ್ಲವನ್ನೂ ಅಣಕಿಸುವ ಶೂರ ನಾನು, ಘಾಟಿಗೆ ಹೆದರಿ ಮೂಗಿಗೆ ಎರಡು ಕರವಸ್ತ್ರ ಕಟ್ಟುತ್ತಿದ್ದೆ. ಉಸಿರು ಬಿಗಿಹಿಡಿದು ರಾಶಿಗಳ ನಡುವೆ ಓಡುತ್ತಿದ್ದೆ. ತಡೆಯಲಾಗದೆ ಬಾಯಿ ತೆರೆಯುವಾಗ ಸರಿಯಾಗಿ ದೊಡ್ಡ ರಾಶಿಯ ಎದುರೇ ಇರುತ್ತಿದ್ದೆ. ನಾಲ್ಕನೆಯ ದಿನ, ಕೆಲಸ ಬಿಡುತ್ತೇನೆ ಎಂದೆ.

"ಬಿಡುವಂತಿ, ಮೊದಲ ಕುಂದ್ರು," ಎಂದರು ಖಾಲಾ. "ಮದುಮಗಳಂಗ ಮುಸುಕು ಹಾಕ್ಕೊಂಡಿ. ಅದನ್ನ ತಗದು ಸಣ್ಣಗ ಉಸಿರಾಡು."

"ಸತ್ರ?"

"ಸತ್ರ ನಿನ್ನ ಚೀಲಕ್ಕ ನಂಬರ ನಾ ಬರೀತೇನಿ ಬೇಟಾ."

ತೆಗೆದೆ. ಹನ್ನೊಂದು ಸೀನು ಬಂದವು, ಕಣ್ಣೀರು ಧಾರಾಕಾರ ಸುರಿಯಿತು, ತೊಟ್ಟು ಬಿಡಿಸುತ್ತಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಘಾಟಿನ ಹಿಂದಿದ್ದ ಸಿಹಿ ವಾಸನೆ ಮೂಗಿಗೆ ಸಿಕ್ಕಿತು. ಮೂರು ದಿನ ಉಸಿರು ಎಣಿಸುತ್ತ ಕೇಳಿಸಿಕೊಳ್ಳದ ಖಾಲಾನ ಕತೆಯೂ ಕಿವಿಗೆ ಬಿತ್ತು. ಹಾವೇರಿಯ ಮದುವೆಗೆ ಹೊರಟ ಅವರು ತಪ್ಪು ಬಸ್ಸು ಹತ್ತಿ, ರಾಣೆಬೆನ್ನೂರಿನಲ್ಲಿ ಯಾರದೋ ಮದುವೆ ಊಟಕ್ಕೆ ಕುಳಿತಿದ್ದರು.

"ಆಮ್ಯಾಲೆ?" ಎಂದೆ.

"ಯಾಕ, ಮನಿಗೆ ಹೊಂಟಿದ್ದಿಯಲ್ಲ?"

"ಕತಿ ಮುಗೀಲಿ ತಡೀರಿ," ಎಂದು ಅವರ ಪಕ್ಕದಲ್ಲೇ ತೊಟ್ಟು ಮುರಿಯತೊಡಗಿದೆ.

ಖಾಲಾನ ಕತೆಗಳು ಮುಗಿಯಲಿಲ್ಲ. ಆ ಅಂಗಡಿಯಲ್ಲಿ ನಾನು ಎರಡು ಸುಗ್ಗಿ ಕಳೆದೆ.