ಅಂದಾಜಕ್ಕ ಬಯಸಿದ ಸೋಲು

ಹೇಳಿದ್ದೆಲ್ಲ ನಿಜವಾಗಲಿ ಎಂದು ಯಾರೂ ಹಟ ಹಿಡಿಯುವುದಿಲ್ಲ. ಆದರೆ ಹೇಳಿದ್ದೆಲ್ಲ ಉಲ್ಟಾ ಹೊಡೆದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವಳೊಬ್ಬಳು ರೇಡಿಯೋದಲ್ಲಿ ಈರುಳ್ಳಿ ಅಗ್ಗವಾಗುತ್ತದೆ ಎಂದಳು, ತುಟ್ಟಿಯಾಯಿತು. ನೂಲಿನ ಗಿರಣಿ ಮುಚ್ಚುವುದಿಲ್ಲ ಎಂದಳು, ಬೀಗ ಬಿತ್ತು. ಅಂದಿನಿಂದ ಅವಳ ಹೆಸರೇ ಅಂದಾಜಕ್ಕ. ಅವಳು ಕೊಡೆ ಹಿಡಿದು ಹೊರಟರೆ ಜನ ಧೈರ್ಯವಾಗಿ ಬಟ್ಟೆ ಒಣಹಾಕುತ್ತಿದ್ದರು.

ಅವಳ ತಮ್ಮ ಚರ್ಚಿನ ಪಾದ್ರಿ. ಚರ್ಚಿನ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ಉಚಿತ ದವಾಖಾನೆ. ಡಾಕ್ಟರಮ್ಮ ಒಬ್ಬರೇ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ, ದಿನವೆಲ್ಲ ತಳ್ಳಾಟ. "ಈ ಜಗಳ ನಿಲ್ಲದಿದ್ರೆ ನಾನು ಬರಲ್ಲ ಫಾದರ್" ಎಂದು ಅವರು ಕಡ್ಡಿ ಮುರಿದಂತೆ ಹೇಳಿದಾಗ ಪಾದ್ರಿ ಅಕ್ಕನ ಬಳಿಗೆ ಓಡಿದ. ಅಕ್ಕ ಉಪಾಯ ಕೊಟ್ಟಳು: ಸರದಿಯ ಚೀಟಿ ಹಂಚು, ಅವಸರವಿಲ್ಲದವರು ಅವಸರದವರಿಗೆ ಮಾರಿಕೊಳ್ಳಲಿ, ಇಬ್ಬರಿಗೂ ಲಾಭ.

ಆದದ್ದೇನು? ನೆಗಡಿಯೂ ಇಲ್ಲದ ಗಟ್ಟಿಮುಟ್ಟು ಗಂಡಸರು ಮುಂಜಾನೆಯೇ ಬಂದು ಚೀಟಿ ಬಾಚಿಕೊಂಡು ಬಾಯಿಗೆ ಬಂದ ಬೆಲೆ ಹೇಳಿದರು. ಎದೆನೋವಿನ ದರ್ಜಿ ಅಜ್ಜ ಡಾಕ್ಟರಮ್ಮನ ಮುಖ ನೋಡದೆ ಮನೆಗೆ ಮರಳಿದ. "ಇನ್ನೊಂದೇ ಒಂದು ಗುರುವಾರ ನೋಡ್ತೀನಿ" ಎಂದರು ಡಾಕ್ಟರಮ್ಮ.

ಅಕ್ಕ ತಮ್ಮನ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು.

"ನಿನ್ನ ಶಾಸ್ತ್ರ ಮನುಷ್ಯನ್ನ ಸ್ವಾರ್ಥಿ ಅನ್ನುತ್ತೆ, ನಂದು ಪಾಪಿ ಅನ್ನುತ್ತೆ. ಒಂದೇ ತಾಯಿ ಮಕ್ಕಳು ಬಿಡಕ್ಕ" ಎಂದ ತಮ್ಮ.

"ಮತ್ತೆ ನಿನ್ನನ್ನ ಮಾತ್ರ ಯಾಕೋ ನಂಬ್ತಾರೆ? ನೀನು ಹೇಳೋ ಸ್ವರ್ಗ ಯಾರು ನೋಡ್ಕೊಂಡು ಬಂದಿದಾರೆ?"

"ಯಾರೂ ವಾಪಸ್ ಬಂದು ದೂರು ಕೊಟ್ಟಿಲ್ವಲ್ಲ!" ನಕ್ಕವನು ಮುಂದುವರಿಸಿದ: "ಪ್ರತಿ ಭಾನುವಾರ ಎಲ್ಲರ ಜೊತೆ ಮೊಣಕಾಲೂರಿ 'ತಪ್ಪಿದ್ದೇನೆ' ಅಂತೀನಿ. ನೀನು ಗಿರಣಿ ಮುಚ್ಚಿದಾಗ 'ಪರಿಸ್ಥಿತಿ ಬದಲಾಯ್ತು' ಅಂದೆ. ಇನ್ನೊಂದು, ನಮ್ಮಲ್ಲಿ ಪಾಪಕ್ಕೇ ಕಥೆ ಮುಗಿಯಲ್ಲ. ಕೃಪೆ ಅಂತ ಒಂದಿದೆ. ನಿನ್ನ ಲೆಕ್ಕದಲ್ಲಿ ಅದೆಲ್ಲಿ?"

"ಅಳೆಯೋಕೆ ಬರದ್ದನ್ನ ಎಲ್ಲಿ ಇಡಲೋ?"

"ಬಾಗಿಲಾದ್ರೂ ತೆರೆದಿಡು."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಎದ್ದು ನಿಂತಳು. "ಚೀಟಿ ಮಾರೋ ಯೋಚನೆ ನಂದು. ತಪ್ಪು ನಂದೇ, ಪರಿಸ್ಥಿತಿದಲ್ಲ."

ಗಿರಣಿಯಲ್ಲಿ ಕೆಲಸ ಕಳೆದುಕೊಂಡಿದ್ದ ಫಿಟ್ಟರ್ ಹಿಂದಿನ ಬೆಂಚಿನಿಂದ ಕೂಗಿದ: "ಗಿರಣಿದೂ ಸೇರಿಸ್ಕೊಳ್ಳಿ!"

"ಅದೂ ನಂದೇ ಕಣಪ್ಪ." ಚರ್ಚು ನಕ್ಕಿತು. "ಈಗ ನೀವೇ ಹೇಳಿ, ಏನು ಮಾಡೋಣ?"

ಇಷ್ಟು ವರ್ಷದಲ್ಲಿ ಅವಳು ಯಾರನ್ನಾದರೂ ಕೇಳಿದ್ದು ಅದೇ ಮೊದಲು. ಫಿಟ್ಟರ್ ತಲೆ ಕೆರೆದುಕೊಂಡ. "ಚೀಟಿ ಮಾರೋ ಹಾಗಿಲ್ಲ. ಬೇಕಾದ್ರೆ ಬಿಟ್ಟುಕೊಡಬಹುದು."

"ಸುಮ್ಮನೆ ಯಾರೂ ಬಿಟ್ಟುಕೊಡಲ್ಲ ಅಂತ ನನ್ನ ಅಂದಾಜು. ಆದ್ರೂ ಮಾಡಿ ನೋಡೋಣ. ಸುಳ್ಳಾದ್ರೆ ನಾನೇ ಒಪ್ಕೋತೀನಿ."

ಗುರುವಾರ, ಚರ್ಚಿನೊಳಗೆ ಹಾಡುವ ಕೀರ್ತನೆಯ ಸಂಖ್ಯೆ ತೋರಿಸುವ ಮರದ ಹಲಗೆ ದವಾಖಾನೆಯ ಬಾಗಿಲಿಗೆ ಬಂತು. ಫಿಟ್ಟರ್ ಒಂದೊಂದೇ ಸರದಿಯ ಸಂಖ್ಯೆ ಬದಲಿಸುತ್ತ ನಿಂತ. ದರ್ಜಿ ಅಜ್ಜ ತಡವಾಗಿ, ಎದೆ ಒತ್ತಿಕೊಂಡು ಬಂದ. ಅವನ ಪಾಲಿಗೆ ಕೊನೆಯ ಚೀಟಿ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ಅಂದಾಜಕ್ಕನ ಮಾತು ಕೊನೆಗೂ ನಿಜವಾಗುವಂತಿತ್ತು. ಅವಳೋ ಸುಳ್ಳಾಗಲಿ ಎಂದು ಸೆರಗಿನ ತುದಿ ಹಿಂಡುತ್ತಿದ್ದಳು.

ಆಗ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ಎದ್ದಳು. "ಅಜ್ಜ, ನನ್ನ ನಂಬರಲ್ಲಿ ಹೋಗಿ. ಇವನ ಕಿವಿ ಇನ್ನೊಂದು ಸ್ವಲ್ಪ ಹೊತ್ತು ಕಾಯುತ್ತೆ."

"ಮಗು ಯಾಕೆ ಕಾಯಬೇಕು? ನನ್ನದು ತಗೋ ತಾಯಿ" ಎಂದ ಪಕ್ಕದವನು. ಆಮೇಲೆ ಬಿಟ್ಟುಕೊಡುವುದಕ್ಕೇ ಚೌಕಾಸಿ ಶುರುವಾಯಿತು.

ಡಾಕ್ಟರಮ್ಮ ತಲೆ ಹೊರಹಾಕಿದರು. "ಏನಿವತ್ತು, ಕಿರುಚಾಟವೇ ಇಲ್ಲ? ಫಾದರ್, ಮುಂದಿನ ವಾರಕ್ಕೆ ಇನ್ನೊಂದು ಕುರ್ಚಿ ಹಾಕ್ಸಿ, ಇನ್ನೊಬ್ಬ ಡಾಕ್ಟರನ್ನೂ ಕರ್ಕೊಂಡು ಬರ್ತೀನಿ."

"ನನ್ನ ಅಂದಾಜು ಸುಳ್ಳಾಯ್ತು!" ಎಂದು ಅಂದಾಜಕ್ಕ ಲಾಟರಿ ಹೊಡೆದವಳಂತೆ ಸಾರಿದಳು.

ಕೋಣೆ ಖಾಲಿಯಾದ ಮೇಲೆ ಫಿಟ್ಟರ್ ಅಲ್ಲೇ ಉಳಿದ. "ಅಕ್ಕಾ, ಹೊಸ ಕಾರ್ಖಾನೇಲಿ ಕೆಲಸ ಕೇಳಲಾ, ಸ್ವಂತ ರಿಪೇರಿ ಅಂಗಡಿ ಇಡಲಾ?"

"ಯಾವುದು ಕೈ ಹಿಡಿಯುತ್ತೋ ನಂಗೆ ಗೊತ್ತಿಲ್ಲಪ್ಪ. ಗೊತ್ತಿರೋ ಅಷ್ಟು ಹೇಳ್ತೀನಿ."

ಅವನು ಬೆಂಚನ್ನು ಎಳೆದುಕೊಂಡು ಅವಳ ಎದುರು ಕೂತ.